ತಿಳಿಯದವಳ ಜಾಗ

ಶಿಲ್ಪಳಿಗೆ ಏನೂ ತಿಳಿಯುವುದಿಲ್ಲ ಎಂಬುದೇ ಶಿಲ್ಪಳ ಹೆಚ್ಚುಗಾರಿಕೆಯಾಗಿ ಹೋಗಿತ್ತು. ಮಾಲಾಳಿಗೆ ಅದನ್ನು ನುಂಗಿಕೊಳ್ಳಲು ಆಗುತ್ತಿರಲಿಲ್ಲ.

ಅಟ್ಟೂರಿನ ಆ ಮನೆಯ ಮಹಡಿಯ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಬಿಳಿ ಟೈಲ್ಸಿನ ಗೋಡೆಗೆ ಎದುರಾಗಿ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ಅದು ಮಾಲಾ ಕೂರುವ ಜಾಗ. ಈಗ ಸಂಜೆಯಾದರೆ ಕೆಳಮನೆಯ ಶಿಲ್ಪ ಅದರ ಮೇಲೆ ಕಾಲು ಮಡಿಚಿ ಕೂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, ಬಾಯಿ ತುಸು ತೆರೆದು ಕೇಳುತ್ತಿದ್ದಳು. ಮಾಲಾಳ ಅಕ್ಕ ಭಾಗ್ಯಶ್ರೀ ಟೈಲ್ಸಿನ ಮೇಲೆ ಮಾರ್ಕರಿನಿಂದ ಮರ ಬರೆದು, ಬೇರಿನಿಂದ ತುದಿ ಎಲೆಯವರೆಗೆ ನೀಲಿ ಗೆರೆ ಎಳೆದು, ಮೆಟ್ರೋ ಕಂಬಕ್ಕಿಂತ ಎತ್ತರದ ಮರಕ್ಕೂ ನೀರು ಹೇಗೆ ಏರುತ್ತದೆ ಎಂದು ವಿವರಿಸುತ್ತಿದ್ದಳು. ಮಾಲಾ ಅವರಿಬ್ಬರ ಬೆನ್ನ ಹಿಂದೆ ನಿಂತು ಸುಸಲಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಶಿಲ್ಪ ಅದನ್ನು ಪುರಿ ಉಪ್ಪಿಟ್ಟು ಅನ್ನುತ್ತಿದ್ದಳು, ಮತ್ತು ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಮೊದಲು ಹೀಗಿರಲಿಲ್ಲ.

ಭಾಗ್ಯಶ್ರೀ ಜಾಲಹಳ್ಳಿಯ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಿಡಮರಗಳ ಮೇಲೆ ಕೆಲಸ ಮಾಡುತ್ತಿದ್ದಳು. ಪಿಎಚ್‌ಡಿ ಮುಗಿದು ಪೋಸ್ಟ್‌ಡಾಕ್ ಆಗಿದ್ದಳು. ಊರಿನಲ್ಲಿ ಕೇಳಿದವರಿಗೆ ಅವ್ವ ಅದನ್ನು ಡಾಕ್ಟರ್ ಆದಮೇಲಿನ ಡಾಕ್ಟರ್ ಅನ್ನುತ್ತಿದ್ದಳು. ಆದರೆ ಅದು ಕಾಯಂ ಕೆಲಸವಲ್ಲ, ಇಂದೋ ನಾಳೆಯೋ ಮುಗಿದುಹೋಗುವಂಥದ್ದು. ಕಾಲೇಜಿನಲ್ಲಿ ಅಧ್ಯಾಪಕಿಯಾದರೆ ಮಾತ್ರ ಕಾಲು ಊರಿದಂತೆ. ಹೋದ ಕಡೆಯೆಲ್ಲ ಸಂದರ್ಶನದವರು ಅವಳ ಸಂಶೋಧನೆಯನ್ನು ಮೆಚ್ಚುತ್ತಿದ್ದರು. ಆಮೇಲೆ ಒಂದು ಪಾಠ ಮಾಡಿ ತೋರಿಸಿ ಅನ್ನುತ್ತಿದ್ದರು. ಅಲ್ಲಿ ಅವಳು ಕೆಡುತ್ತಿದ್ದಳು. ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಕೇಳುವವರು ಎಲ್ಲಿದ್ದಾರೆ ಎಂದು ತಿರುಗಿ ನೋಡುತ್ತಿರಲಿಲ್ಲ.

ಸಂಸ್ಥೆಯಲ್ಲಿ ಇಂಥವರಿಗೆಂದೇ ಶನಿವಾರದ ತರಬೇತಿ ಶುರುವಾಯಿತು. ಪಿಎಚ್‌ಡಿಯವರು, ಪೋಸ್ಟ್‌ಡಾಕ್‌ಗಳು ಎಲ್ಲ ಸೇರಿ ಅರ್ಜಿ ಬರೆಯುವುದು, ಸಂಶೋಧನೆಯ ಯೋಜನೆ ಹೇಳುವುದು, ಪಾಠ ಮಾಡುವುದು, ಅಣಕು ಸಂದರ್ಶನಕ್ಕೆ ಕೂರುವುದು ಇವನ್ನೆಲ್ಲ ಕಲಿಯುತ್ತಿದ್ದರು. ನಡೆಸುವವರು ಶಿವಶರಣಪ್ಪ ಎಂಬ ನಿವೃತ್ತ ಪ್ರೊಫೆಸರು. ಅವರದು ಒಂದೇ ನಿಯಮ. ನಿಮ್ಮ ಪಾಠವನ್ನು ನಿಮ್ಮ ಲ್ಯಾಬಿನವರ ಮುಂದೆ ಒಪ್ಪಿಸಬೇಡಿ, ಅವರು ಅರ್ಧ ಕೇಳಿ ಉಳಿದರ್ಧ ತಾವೇ ತುಂಬಿಕೊಳ್ಳುತ್ತಾರೆ. ವಿಷಯ ಗೊತ್ತಿಲ್ಲದ ಒಬ್ಬರನ್ನು ಹುಡುಕಿ ಕೂರಿಸಿಕೊಳ್ಳಿ. ಅವರು ಎಲ್ಲಿ ತಿಳಿಯದೆ ನಿಂತರೋ ಅಲ್ಲಿ ತಪ್ಪು ನಿಮ್ಮದು.

ಉಳಿದವರು ಹಾಸ್ಟೆಲಿನ ವಾಚ್‌ಮನ್‌ನನ್ನೋ ಊರಲ್ಲಿರುವ ಅಮ್ಮನನ್ನು ವಿಡಿಯೋದಲ್ಲೋ ಹಿಡಿದುಕೊಂಡರು. ಭಾಗ್ಯಶ್ರೀ ಹುಡುಕಬೇಕಾಗಿರಲಿಲ್ಲ. ಮಾಲಾ ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟವಳು. ಅವ್ವ ಹಾಸಿಗೆ ಹಿಡಿದಿದ್ದ ವರ್ಷ ಮನೆಯಲ್ಲಿ ಉಳಿದವಳು ಮತ್ತೆ ಶಾಲೆಯ ಕಡೆ ಹೋಗಿರಲಿಲ್ಲ. ಅವ್ವ ಎದ್ದು ಓಡಾಡುವಂತಾದ ಮೇಲೆ ಅಕ್ಕನ ಅಡುಗೆಗೆ ಒಂದು ಕೈ ಇರಲಿ ಎಂದು ಅಟ್ಟೂರಿಗೆ ಬಂದಿದ್ದಳು. ಹಗಲೆಲ್ಲ ಯಲಹಂಕ ನ್ಯೂ ಟೌನಿನ ಟೈಲರ್ ಅಂಗಡಿಯಿಂದ ತಂದ ಸೀರೆಗಳಿಗೆ ಕುಚ್ಚು ಕಟ್ಟುವಳು. ಹೊರಗಿನವರ ಮುಂದೆ ಮಾತು ಕಡಿಮೆ. ಅಂಗಡಿಯವರು ದಾರದ ಬಣ್ಣ ತಪ್ಪಾಗಿ ಕೊಟ್ಟರೂ ಕೇಳದೆ ಬಂದು, ಮನೆಯಲ್ಲಿ ಅಕ್ಕನ ಮುಂದೆ ಗೊಣಗುವವಳು.

ಸ್ಟೂಲಿನ ಮೇಲೆ ಮಾತ್ರ ಬೇರೆಯೇ ಮಾಲಾ. ಕುಚ್ಚು ಕಟ್ಟುತ್ತಲೇ ಕೇಳುತ್ತಿದ್ದಳು. ತಿಳಿಯದ ಕಡೆ ಕೈ ನಿಲ್ಲಿಸಿಬಿಡುತ್ತಿದ್ದಳು. ಕೈ ನಿಂತೊಡನೆ ಭಾಗ್ಯಶ್ರೀಯೂ ನಿಲ್ಲುತ್ತಿದ್ದಳು. ಪಾತ್ರೆ ಒರೆಸುವ ಬಟ್ಟೆಯಿಂದ ಟೈಲ್ಸು ಒರೆಸಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದಳು. ನೀರನ್ನು ಮೇಲಿನಿಂದ ಎಲೆಗಳು ಎಳೆಯುತ್ತವೆ ಎಂದಾಗ ಮಾಲಾಳ ಕೈ ನಾಲ್ಕು ಸಂಜೆ ಅದೇ ಜಾಗದಲ್ಲಿ ನಿಂತಿತು. ಹಗ್ಗವಾದರೆ ಎಳೆಯಬಹುದು, ನೀರನ್ನು ಹೇಗೆ ಎಳೆಯುವುದು? ಹಿಡಿದರೆ ಸೋರಿ ಹೋಗುತ್ತದಲ್ಲ. ಭಾಗ್ಯಶ್ರೀ ತಲೆ ಕೆರೆದುಕೊಂಡು, ಊಟ ಮರೆತು, ನೀರಿನ ಕಣಗಳು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿರುತ್ತವೆ, ಮೇಲಿನದು ಆವಿಯಾಗಿ ಹೊರಟರೆ ಹಿಂದಿನದು ಮುಂದೆ ಬರುತ್ತದೆ ಎಂಬಲ್ಲಿಗೆ ಬಂದಳು. ಕುಚ್ಚಿನ ದಾರ ಮತ್ತೆ ಓಡಿತು. ಆ ಸಂಜೆ ಅಕ್ಕ ತಂಗಿಯ ಕೆನ್ನೆ ಹಿಂಡಿದ್ದಳು. ಮಾಲಾಳಿಗೆ ಇಷ್ಟು ವರ್ಷ ದಡ್ಡತನ ಅನ್ನಿಸಿಕೊಂಡಿದ್ದು ಈಗ ಯಾರಿಗೋ ಬೇಕಾದ ಪದಾರ್ಥದಂತೆ ತೋರಿತು.

ಆದರೆ ದಿನವೂ ಕೇಳಿದರೆ ಯಾರಿಗೆ ತಾನೇ ತಿಳಿಯದೆ ಇರುತ್ತದೆ? ಬರಬರುತ್ತ ಮಾಲಾಳ ಕೈ ಎಲ್ಲೂ ನಿಲ್ಲದಾಯಿತು. ಒಂದು ದಿನ ಅಕ್ಕ ಮಾತಿನ ನಡುವೆ ತಡವರಿಸಿದಾಗ ಮಾಲಾ ದಾರ ಕಡಿಯುತ್ತಾ ಮುಂದಿನ ವಾಕ್ಯವನ್ನು ತಾನೇ ಹೇಳಿಬಿಟ್ಟಳು. ಹೊಗಳುತ್ತಾಳೆ ಅಂದುಕೊಂಡಿದ್ದಳು. ಭಾಗ್ಯಶ್ರೀ ಮಾರ್ಕರಿನ ಮುಚ್ಚಳ ಹಾಕಿದಳು.

"ನೀ ಈಗ ಕೆಟ್ಟಿ ಮಾಲೀ," ಅಂದಳು ನಗುತ್ತಾ. "ನಿನಗ ಎಲ್ಲಾ ತಿಳದಬಿಟ್ಟದ. ಈಗ ನನಗ ತಿಳೀದೇ ಇರೋರು ಒಬ್ಬರು ಬೇಕು."

ಮರುದಿನವೇ ಶಿಲ್ಪ ಬಂದಳು.

ಶಿಲ್ಪ ಮನೆಯ ಮಾಲೀಕ ಮುನಿಆಂಜಿನಪ್ಪನವರ ಸೊಸೆ. ಅವರು ಅಟ್ಟೂರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಹೊಲವಿದ್ದ ಕಡೆ ಈಗ ಅವರದೇ ಮೂರು ಬಾಡಿಗೆ ಮನೆಗಳು. ಶಿಲ್ಪ ಕಾಮರ್ಸ್ ಓದಿದ್ದಳು, ವಿಜ್ಞಾನದ ಕಡೆ ತಲೆ ಹಾಕಿರಲಿಲ್ಲ, ನಾಚಿಕೆ ಎಂಬುದು ಅವಳ ಹತ್ತಿರ ಸುಳಿದಿರಲಿಲ್ಲ. ತಿಳಿಯದಿದ್ದರೆ ಸುಮ್ಮನೆ ಕೂರುವ ಪೈಕಿಯಲ್ಲ.

"ಅಕ್ಕಾ ಇರಿ ಇರಿ," ಅಂದಳು ಮೊದಲ ಸಂಜೆಯೇ. "ನಮ್ ಬೋರ್‌ವೆಲ್ಲಿಗೆ ಮೋಟ್ರು ಕೆಳಗೆ ಬಿಟ್ಟಿದೀವಿ, ಅದು ಮ್ಯಾಕ್ ತಳ್ಳುತ್ತೆ. ನೀವ್ ಹೇಳೋದ್ ನೋಡಿದ್ರೆ ಮರಕ್ಕೆ ಮೋಟ್ರು ತಲೆ ಮ್ಯಾಲೆ ಐತೆ ಅಂದಂಗಾಯ್ತು. ಅದೆಂಗೆ ಕಣಕ್ಕಾ?"

ಭಾಗ್ಯಶ್ರೀ ಮಾರ್ಕರನ್ನು ಗಾಳಿಯಲ್ಲಿ ಹಿಡಿದು ನಿಂತಳು. ಮುಖದಲ್ಲಿ ದೀಪ ಹತ್ತಿದಂತಾಯಿತು. ಅದರಿಂದಲೇ ಪಾಠದ ಹೊಸ ಭಾಗ ಹುಟ್ಟಿತು. ಮೇಲಿನಿಂದ ಹೀರುವ ಪಂಪು ಎಷ್ಟೇ ಜೋರಿದ್ದರೂ ಮೂರು ಮಹಡಿಯಷ್ಟು ಎತ್ತರ ದಾಟಿಸಲಾರದು, ಗಾಳಿಯ ಒತ್ತಡ ಅಷ್ಟಕ್ಕೇ ಸಾಲುತ್ತದೆ. ಮರ ಮಾತ್ರ ಅದರ ಎಷ್ಟೋ ಪಟ್ಟು ಎತ್ತರಕ್ಕೆ ಎಳೆಯುತ್ತದೆ. ಪಂಪಿಗೆ ಆಗದ್ದು ಮರಕ್ಕೆ ಹೇಗೆ ಆಗುತ್ತದೆ? ಆ ಪ್ರಶ್ನೆಯ ಮೇಲೆ ಇಡೀ ಪಾಠ ನಿಂತಿತು. ಕೊನೆಗೆ ಬಣ್ಣದ ನೀರಿನಲ್ಲಿಟ್ಟ ಸುಗಂಧರಾಜದ ಕಡ್ಡಿಯೂ ಬಂತು. ಹೂವಿನ ಎಸಳಿಗೆ ನೀಲಿ ಏರಿದಾಗ ಶಿಲ್ಪ ಅದನ್ನೇ ತಲೆಗೆ ಮುಡಿದುಕೊಂಡು ಕೆಳಗಿಳಿದಳು.

ಆ ಶನಿವಾರ ಸಂಸ್ಥೆಯಿಂದ ಬಂದ ಭಾಗ್ಯಶ್ರೀ ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು. ಶಿವಶರಣಪ್ಪ ಸರ್ ಬಹಳ ಮೆಚ್ಚಿದರಂತೆ. ಈ ಮೋಟರಿನ ಪ್ರಶ್ನೆ ಎಲ್ಲಿಂದ ಬಂತು ಎಂದು ಎಲ್ಲರ ಮುಂದೆ ಕೇಳಿದರಂತೆ. ಇವಳು ಕೆಳಮನೆಯ ಶಿಲ್ಪ ಅಂದಳಂತೆ. ಅವತ್ತಿನಿಂದ ತರಬೇತಿಯಲ್ಲಿ ಎಲ್ಲರೂ ಅದನ್ನು ಶಿಲ್ಪನ ಪ್ರಶ್ನೆ ಅನ್ನುತ್ತಾರಂತೆ.

ಮಾಲಾ ರೊಟ್ಟಿ ಬಡಿಯುತ್ತಿದ್ದಳು. ನೀರನ್ನು ಹೇಗೆ ಎಳೆಯುವುದು ಎಂದು ನಾಲ್ಕು ಸಂಜೆ ಕೈ ನಿಲ್ಲಿಸಿ ಕೂತವಳು ಯಾರು? ಅದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ, ಅಕ್ಕ ಹೇಳಿಯೂ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಕಪ್ಪಾಯಿತು. ಆ ರೊಟ್ಟಿಯನ್ನು ಅಕ್ಕನ ತಟ್ಟೆಗೇ ಹಾಕಿದಳು. ಭಾಗ್ಯಶ್ರೀ ಶಿಲ್ಪಳ ಮಾತನ್ನೇ ಆಡುತ್ತಾ, ಸುಟ್ಟದ್ದು ತಿಳಿಯದೆ, ಉಂಡು ಎದ್ದಳು.

ಅಲ್ಲಿಂದ ಮುಂದೆ ಶಿಲ್ಪಳದು ಎಲ್ಲವೂ ಮಾಲಾಳ ಕಣ್ಣಿಗೆ ಚುಚ್ಚತೊಡಗಿತು. ಅವಳು ಕದ ತಟ್ಟದೆ ಒಳಗೆ ಬರುವುದು, ಅಕ್ಕನ ಭುಜದ ಮೇಲೆ ಕೈ ಹಾಕುವುದು, ಕೊಟ್ಟ ಲೋಟ ಬಿಟ್ಟು ಹೂವಿನ ಚಿತ್ರದ ಲೋಟವನ್ನೇ ಎತ್ತಿಕೊಳ್ಳುವುದು. ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯದೆ ಇರುವ ಅವಳ ಸುಖ. ಹೊಸದಾಗಿ ತಿಳಿಯದೆ ಇರುವುದು ಹೇಗೆ ಎಂದು ಮಾಲಾ ರಾತ್ರಿ ಮಲಗಿ ಯೋಚಿಸುವಳು. ಕಲಿತದ್ದನ್ನು ಬಿಚ್ಚಲು ಬರುವುದಿಲ್ಲ. ಕುಚ್ಚಾದರೆ ಬಿಚ್ಚಬಹುದಿತ್ತು.

ದೊಡ್ಡಬಳ್ಳಾಪುರ ರಸ್ತೆಯ ಒಂದು ವಿಶ್ವವಿದ್ಯಾಲಯದಿಂದ ಭಾಗ್ಯಶ್ರೀಗೆ ಸಂದರ್ಶನದ ಕರೆ ಬಂತು. ಪಾಠ ಮಾಡಿ ತೋರಿಸಬೇಕು, ವಿಷಯ ಅವಳ ಇಷ್ಟದ್ದು. ಅದೇ ವಾರ ಶಿಲ್ಪ ನೆಂಟರ ಮದುವೆಗೆಂದು ಅತ್ತೆ ಅಕ್ಕಯ್ಯಮ್ಮನ ಜೊತೆ ವಿಜಯಪುರಕ್ಕೆ ಹೋದಳು. ಸ್ಟೂಲು ಖಾಲಿಯಾಯಿತು. ಯಾರೂ ಇಲ್ಲದ್ದಕ್ಕೆ ನೀನೇ ಕೂಡು ಎಂದು ಭಾಗ್ಯಶ್ರೀ ತಂಗಿಯನ್ನು ಕರೆದಳು. ಯಾರೂ ಇಲ್ಲದ್ದಕ್ಕೆ ಎಂಬುದನ್ನು ಮಾಲಾ ಬಿಡದೆ ಕೇಳಿಸಿಕೊಂಡಳು.

ಪಾಠ ಮೋಟರಿನವರೆಗೆ ಬಂತು. ಪಂಪಿಗೆ ಆಗದ್ದು ಮರಕ್ಕೆ ಹೇಗೆ ಆಗುತ್ತದೆ ಎಂದು ಅಕ್ಕ ಕೇಳಿದಳು. ಮಾಲಾ ಕೈ ನಿಲ್ಲಿಸಿದಳು.

ಭಾಗ್ಯಶ್ರೀ ಹುಬ್ಬು ಗಂಟಿಕ್ಕಿ ಏನಾಯಿತು ಅಂದಳು. ತಿಳಿಯಲಿಲ್ಲ ಅಂದಳು ಮಾಲಾ. ಮತ್ತೆ ಹೇಳಿದಳು. ಮಾಲಾ ತಲೆ ಅಲ್ಲಾಡಿಸಿದಳು. ಮೂರನೆಯ ಸಲ ಹೇಳುವಾಗ ಅಕ್ಕ ಬಂದು ಎದುರಿಗೆ ಮೊಣಕಾಲೂರಿ ಕೂತು, ತಂಗಿಯ ಮುಖವನ್ನೇ ನೋಡುತ್ತಾ ಹೇಳಿದಳು. ಎಷ್ಟು ದಿನಗಳ ಮೇಲೆ ಆ ಕಣ್ಣು ಹೀಗೆ ಹತ್ತಿರ ಬಂದಿತ್ತು. ಮಾಲಾಳಿಗೆ ಎದೆ ತುಂಬಿ ಬಂತು. ಇನ್ನೂ ತಿಳಿಯಲಿಲ್ಲ ಅಂದಳು.

ಎಲ್ಲಾ ತಿಳಿದಿದ್ದವಳಿಗೇ ಈಗ ತಿಳಿಯುತ್ತಿಲ್ಲವೆಂದರೆ ಪಾಠವೇ ಎಲ್ಲೋ ಹದಗೆಟ್ಟಿದೆ ಎಂದು ಭಾಗ್ಯಶ್ರೀ ಹೆದರಿದಳು. ಶಿಲ್ಪ ಮುಲಾಜಿಗೆ ಹೂಂಗುಟ್ಟಿರಬೇಕು ಎಂದು ಅನುಮಾನಿಸಿದಳು. ಮಾಲಾ ಆ ಅನುಮಾನವನ್ನು ಬೇಡ ಅನ್ನಲಿಲ್ಲ. ಪಂಪಿನ ಮಾತು ಹೋಯಿತು. ಮರುಸಂಜೆ ಒತ್ತಡದ ಮಾತು ಹೋಯಿತು. ಅದರ ಮರುಸಂಜೆ ನೀರಿನ ಸಾಲಿನಲ್ಲಿ ಗಾಳಿಯ ಗುಳ್ಳೆ ಹೊಕ್ಕರೆ ಏನಾಗುತ್ತದೆ ಎಂಬುದು ಹೋಯಿತು. ಎಲ್ಲಿ ನಿಲ್ಲಬೇಕೆಂದು ಮಾಲಾಳಿಗೆ ಕಷ್ಟಪಟ್ಟು ಹುಡುಕಬೇಕಾಗಿರಲಿಲ್ಲ. ಹಿಂದೆ ನಿಜವಾಗಿ ನಿಂತಿದ್ದ ಜಾಗಗಳು ನೆನಪಿದ್ದವು, ಅಲ್ಲೆಲ್ಲ ಮತ್ತೆ ನಿಂತಳು. ಪಾಠ ಸಣ್ಣದಾಗುತ್ತಾ, ಮೆತ್ತಗಾಗುತ್ತಾ, ಕೊನೆಗೆ ಬೇರು ಕುಡಿಯುತ್ತದೆ, ಎಲೆ ಎಳೆಯುತ್ತದೆ, ಮರ ನಗುತ್ತದೆ ಎಂಬಷ್ಟಕ್ಕೆ ಬಂತು.

ಅಕ್ಕ ಬಾಡುತ್ತಿರುವುದು ಮಾಲಾಳಿಗೆ ಕಾಣದೆ ಇರಲಿಲ್ಲ. ಸಾಕು, ನಾಳೆ ತಿಳಿಯಿತು ಅನ್ನೋಣ ಅಂದುಕೊಳ್ಳುವಳು. ನಾಳೆ ಬಂದಾಗ ಶಿಲ್ಪ ಮರಳಿ ಬರುವ ದಿನ ಹತ್ತಿರವಾಗಿದೆ ಎಂಬುದು ನೆನಪಾಗುವುದು. ಕೈ ತಾನಾಗಿ ನಿಲ್ಲುವುದು.

ಸಂದರ್ಶನ ಸೋಮವಾರಕ್ಕಿತ್ತು; ಅದಕ್ಕೆ ಮುಂಚಿನ ಶನಿವಾರ ತರಬೇತಿಯಲ್ಲಿ ಕೊನೆಯ ಅಣಕು ಪಾಠ. ಕೇಳಿ ತಿದ್ದಿದವರನ್ನೂ ಕರೆದುಕೊಂಡು ಬನ್ನಿ ಎಂದು ಶಿವಶರಣಪ್ಪ ಸರ್ ಹೇಳಿದ್ದರು. ಹಿಂದಿನ ದಿನವಷ್ಟೇ ಮರಳಿದ್ದ ಶಿಲ್ಪ ಮದುವೆಗೆ ಉಟ್ಟ ಸೀರೆಯನ್ನೇ ಉಟ್ಟು ಹೊರಟಳು. ಮೂವರೂ ಬಸ್ಸಿನಲ್ಲಿ ಜಾಲಹಳ್ಳಿಗೆ ಹೋದರು. ತರಬೇತಿಯ ಹಾಲಿನಲ್ಲಿ ಮಾಲಾ ಗೋಡೆಯ ಪಕ್ಕದ ಕುರ್ಚಿ ಹಿಡಿದಳು. ಶಿಲ್ಪ ಮುಂದಿನ ಸಾಲಿಗೇ ಎಳೆದುಕೊಂಡು ಹೋಗಿ ಕೂರಿಸಿದಳು.

ಭಾಗ್ಯಶ್ರೀ ಪಾಠ ಮಾಡಿದಳು. ಎರಡು ಮಾತಿಗೊಮ್ಮೆ ನಿಂತು ಮಾಲಾಳ ಕಡೆ ನೋಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಮುಗಿದಾಗ ಚಪ್ಪಾಳೆಯೂ ಬಂತು, ತಡವಾಗಿ.

ಶಿವಶರಣಪ್ಪ ಸರ್ ಕನ್ನಡಕ ತೆಗೆದು ಒರೆಸಿದರು. ಇದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಚೆನ್ನಾಗಿದೆ ಅಂದರು. ಪಂಪಿಗೆ ಆಗದ್ದು ಮರಕ್ಕೆ ಹೇಗೆ ಆಗುತ್ತದೆ ಎಂಬುದು ಈ ಪಾಠದ ಜೀವವಾಗಿತ್ತು, ಅದನ್ನೇ ತೆಗೆದು ಉಳಿದದ್ದನ್ನು ತಂದಿದ್ದೀರಿ, ಸೋಮವಾರ ಇದನ್ನು ಮಾಡಿದರೆ ನಿಮ್ಮನ್ನು ಎರಡನೆಯ ಪ್ರಶ್ನೆ ಕೇಳುವುದಿಲ್ಲ ಅಂದರು. ಯಾಕೆ ತೆಗೆದಿರಿ ಎಂದು ಕೇಳಿದರು.

ಭಾಗ್ಯಶ್ರೀಯ ಕಿವಿ ಕೆಂಪಾಗಿತ್ತು. "ನನ್ನ ತಂಗಿಗೆ ತಿಳೀಲಿಲ್ಲ ಸರ್," ಅಂದಳು. "ಮಾಲಾ ಅಂತ. ಇಲ್ಲೇ ಕೂತಾಳ."

ಆ ಹಾಲಿನಲ್ಲಿ ತನ್ನ ಹೆಸರು ಕೇಳಬೇಕೆಂದು ಮಾಲಾ ಎಷ್ಟು ಆಸೆಪಟ್ಟಿದ್ದಳು. ಈಗ ಎಲ್ಲರೂ ಅವಳತ್ತ ತಿರುಗಿದರು. ಪಾಪ, ಓದಿಲ್ಲ ಅನ್ಸುತ್ತೆ ಎಂದು ಹಿಂದಿನಿಂದ ಒಂದು ಮೆಲುದನಿ ಬಂತು. ಅದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಶಿಲ್ಪ ಎದ್ದು ನಿಂತಳು.

"ನಂಗೆಲ್ಲಾ ಅರ್ಥ ಆಗಿತ್ತು ಸಾರ್," ಅಂದಳು ಶಿಲ್ಪ. "ಮೋಟ್ರು ಹೀರಿದ್ರೆ ಮೂರು ಮಹಡಿಗೇ ಸುಸ್ತು. ನೀರು ಒಂದುಕ್ಕೊಂದು ಕೈ ಹಿಡ್ಕಂಡು ಮ್ಯಾಕೆ ಹೋಯ್ತದೆ, ಅದುಕ್ಕೇ ಮರಕ್ಕೆ ಆಯ್ತದೆ. ಪಾಪ, ಮಾಲಂಗೆ ಕಷ್ಟ ಆಯ್ತೇನೋ. ಇಂಗೆ ತೆಗೆದಾಕ್ತಾರೆ ಅಂತ ಗೊತ್ತಿದ್ರೆ ನಾನು ಮದುವೆಗೇ ಹೋಗ್ತಿರ್ಲಿಲ್ಲ."

ಕೈ ಹಿಡಿದುಕೊಳ್ಳುವ ನೀರು. ಅದು ಮಾಲಾಳದು. ಅವಳ ನಾಲ್ಕು ಸಂಜೆಗಳು ಅದರಲ್ಲಿದ್ದವು. ಅದನ್ನು ಇವಳು ನೆಂಟರ ಮನೆಯ ತಟ್ಟೆಯಿಂದ ಎತ್ತಿಕೊಂಡಂತೆ ಎತ್ತಿಕೊಂಡು, ಮೇಲೆ ಮಾಲಾಳಿಗೆ ಪಾಪ ಅನ್ನುತ್ತಿದ್ದಾಳೆ. ತಿಳಿಯದೆ ಇರುವ ಜಾಗವನ್ನು ತೆಗೆದುಕೊಂಡಿದ್ದು ಸಾಲದೆ ತಿಳಿದಿರುವ ಜಾಗವನ್ನೂ ತೆಗೆದುಕೊಂಡಳು. ತಾನು ಎದ್ದದ್ದು ಮಾಲಾಳಿಗೇ ಗೊತ್ತಾಗಲಿಲ್ಲ.

"ಎಲಿ ಇಲ್ಲದಾಗ ಯಾರು ಎಳೀತಾರ?" ಅಂದಳು.

ಶಿವಶರಣಪ್ಪ ಸರ್ ಕನ್ನಡಕ ಹಾಕಿಕೊಂಡು, ಇನ್ನೊಮ್ಮೆ ಹೇಳಮ್ಮಾ ಅಂದರು.

ಮಾಲಾ ನೆಲ ನೋಡುತ್ತಾ ಹೇಳಿದಳು. ಮನೆಯ ಮುಂದಿನ ಹೊಂಗೆ ಮರದ ಎಲೆಯೆಲ್ಲ ಈ ತಿಂಗಳು ಉದುರಿತು. ಎಳೆಯುವುದು ಎಲೆ, ತಳ್ಳುವ ಮೋಟರು ಕೆಳಗೆ ಇಲ್ಲ. ಹಾಗಿದ್ದರೆ ಬೋಳು ಕೊಂಬೆಗೆ ಚಿಗುರು ಬರುವಷ್ಟು ನೀರನ್ನು ಯಾರು ಏರಿಸಿದರು? ಅಕ್ಕ ಆ ಭಾಗವನ್ನು ಯಾವತ್ತೂ ಹೇಳಿಲ್ಲ.

ಶಿವಶರಣಪ್ಪ ಸರ್ ನಕ್ಕರು. ಭಾಗ್ಯಶ್ರೀಯವರೇ, ಇಂಥ ಪ್ರಶ್ನೆ ಸೋಮವಾರ ಬಂದರೆ ಏನು ಹೇಳುತ್ತೀರಿ ಅಂದರು. ಬೇರಿಗೂ ಒಂದಿಷ್ಟು ತಳ್ಳುವ ಶಕ್ತಿ ಇದೆ, ಕಾಂಡದಲ್ಲಿ ಕೂಡಿಟ್ಟ ನೀರೂ ಇರುತ್ತದೆ ಎಂದು ಭಾಗ್ಯಶ್ರೀ ಉತ್ತರ ಹೇಳಿದಳು. ಸರಿಯಾಗಿಯೇ ಹೇಳಿದಳು. ಆದರೆ ಹೇಳುವಷ್ಟು ಹೊತ್ತೂ ಅವಳ ಕಣ್ಣು ಮಾಲಾಳ ಮೇಲಿತ್ತು. ಎಲ್ಲವೂ ತಿಳಿದವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಹಾಲಿನಲ್ಲಿ ಬೇರೆ ಯಾರಿಗೂ ಅದು ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು.

ಬಸ್ಸಿನಲ್ಲಿ ಶಿಲ್ಪ ಕಿಟಕಿಯ ಪಕ್ಕ ಕೂತು ಮಾಲಾಳನ್ನು ಹೊಗಳುತ್ತಾ ಬಂದಳು. ಮನೆಗೆ ಬಂದು ಕದ ಹಾಕಿದ ಮೇಲೆ ಭಾಗ್ಯಶ್ರೀ ಕೇಳಿದಳು.

"ನಾಟಕ ಮಾಡ್ದಿ ಹೌದಿಲ್ಲ?"

ಮಾಲಾ ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡಳು. ಕೈ ಓಡಲಿಲ್ಲ.

"ಯಾಕ?"

"ನೀ ಆಕಿ ಹೆಸರು ಹೇಳ್ದಿ," ಅಂದಳು ಮಾಲಾ. "ನಂದು ಹೇಳಲಿಲ್ಲ."

"ಅದಕ್ಕ ನನ್ನ ಬಾಳೇ ಹಾಳು ಮಾಡಬೇಕಂತ ಇದ್ದ್ಯೇನ?"

ಇಲ್ಲ ಅನ್ನಬೇಕಿತ್ತು. ಆದರೆ ಅಷ್ಟು ದಿನ ಕೈ ನಿಲ್ಲಿಸಿದಾಗಲೆಲ್ಲ ಸೋಮವಾರದ ನೆನಪು ಬರಲೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತಿತ್ತು. ಭಾಗ್ಯಶ್ರೀ ಮಾರ್ಕರು ತೆಗೆದುಕೊಂಡು ಕೆಳಗಿಳಿದಳು. ಭಾನುವಾರವೆಲ್ಲ ಅವಳು ಶಿಲ್ಪಳ ಮನೆಯಲ್ಲೇ ಇದ್ದಳು. ಕಳೆದುಕೊಂಡದ್ದನ್ನೆಲ್ಲ ಅಲ್ಲಿ ಕೂತು ಮತ್ತೆ ಕಟ್ಟಿದಳು. ಮಾಲಾ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು. ಒಳಗೆ ಅಕ್ಕಯ್ಯಮ್ಮನೂ ಪ್ರಶ್ನೆ ಕೇಳುತ್ತಿದ್ದಳು, ಮುನಿಆಂಜಿನಪ್ಪನವರೂ ಕೇಳುತ್ತಿದ್ದರು. ಒಂದು ಸ್ಟೂಲಿಗೆ ಹೊಟ್ಟೆ ಉರಿಸಿಕೊಂಡವಳಿಗೆ ಈಗ ಒಂದು ಮನೆಗೇ ಉರಿಸಿಕೊಳ್ಳುವಂತಾಯಿತು.

ಸೋಮವಾರ ಭಾಗ್ಯಶ್ರೀ ಸಂದರ್ಶನಕ್ಕೆ ಹೋದಳು, ಬಂದಳು. ಯುಗಾದಿಯ ಹೊತ್ತಿಗೆ ಕೆಲಸವಾಯಿತೆಂಬ ಸುದ್ದಿ ಬಂತು. ಭಾಗ್ಯಶ್ರೀ ಮೊದಲು ಅವ್ವನಿಗೆ ಫೋನು ಮಾಡಿದಳು, ಆಮೇಲೆ ಕೆಳಗೆ ಓಡಿದಳು. ಮಾಲಾ ಶಾವಿಗೆ ಪಾಯಸ ಮಾಡಿದಳು. ಅಕ್ಕ ಉಂಡಳು, ಚೆನ್ನಾಗಿದೆ ಅಂದಳು. ಅಷ್ಟೇ ಮಾತು. ಇನ್ನು ಮುಂದೆ ಅವಳೆದುರು ದಿನವೂ ಒಂದು ಕ್ಲಾಸಿನ ತುಂಬ ತಿಳಿಯದವರು ಕೂರುತ್ತಾರೆ, ಅವರ ಮುಖಗಳನ್ನೆಲ್ಲ ಅವಳು ನೋಡುತ್ತಾಳೆ ಎಂದು ಮಾಲಾಳಿಗೆ ಪಾಯಸ ಕಲಕುವಾಗಲೇ ಹೊಳೆದಿತ್ತು. ಒಬ್ಬ ಶಿಲ್ಪಳ ಕೂಡ ಜಗಳವಾಡಬಹುದು. ಅಷ್ಟೊಂದು ಜನರ ಕೂಡ ಹೇಗೆ ಆಡುವುದು?

ಕಾಲೇಜು ಶುರುವಾಗುವ ಮೊದಲು ಭಾಗ್ಯಶ್ರೀ ಮಾಡಬೇಕಾದ ಪಾಠಗಳು ಯಾವುವೆಂದು ಗೊತ್ತಾಯಿತು. ಅರ್ಧಕ್ಕರ್ಧ ಅವಳು ಓದಿ ಮರೆತದ್ದು. ಮೊದಲನೆಯದು ಬೂಷ್ಟಿನ ಮೇಲೆ. ಸಂಜೆ ಅವಳು ಅಡುಗೆಮನೆಗೆ ಬಂದು ಟೈಲ್ಸಿನ ಮುಂದೆ ನಿಂತಳು.

"ಬೂಷ್ಟಿನ ಬಗ್ಗೆ ನಿನಗೇನಾರ ಗೊತ್ತದೇನ?" ಅಂದಳು.

"ರೊಟ್ಟಿಗಿ ಹತ್ತತದ," ಅಂದಳು ಮಾಲಾ. "ಮತ್ತೇನೂ ಗೊತ್ತಿಲ್ಲ."

"ಖರೇನ?"

"ಅವ್ವನ ಆಣಿ."

ಭಾಗ್ಯಶ್ರೀ ಸ್ಟೂಲನ್ನು ಕಾಲಿನಿಂದ ಸರಿಸಿ ಕೊಟ್ಟಳು. ಮಾರ್ಕರಿನ ಮುಚ್ಚಳ ತೆಗೆಯುತ್ತಾ, ಶಿಲ್ಪಳನ್ನೂ ಕರೆದುಕೊಂಡು ಬಾ, ಇಬ್ಬರು ಇದ್ದರೆ ಒಳ್ಳೆಯದು ಅಂದಳು.

ಮಾಲಾ ಎದ್ದು ಮೆಟ್ಟಿಲವರೆಗೆ ಹೋದಳು. ಕೆಳಗೆ ಗೇಟಿನ ಹತ್ತಿರ ಶಿಲ್ಪ ಹೂವಿನವಳ ಜೊತೆ ಮೊಳ ಸಣ್ಣದಾಯಿತು ಎಂದು ಜೋರಾಗಿ ಜಗಳವಾಡುತ್ತಿದ್ದಳು. ಒಂದು ಮಾತು ಕೂಗಿದರೆ ಸಾಕು, ತಲೆಯೆತ್ತಿ ನೋಡುತ್ತಿದ್ದಳು. ಮಾಲಾ ಅವಳ ಬೈತಲೆಯನ್ನು ಮೇಲಿನಿಂದ ನೋಡುತ್ತಾ ನಿಂತು, ಒಳಗೆ ಮರಳಿದಳು.

"ಆಕಿ ಮನ್ಯಾಗ ಇಲ್ಲ," ಅಂದಳು.

ಕೆಳಗಿನಿಂದ ಶಿಲ್ಪಳ ದನಿ ಕಿಟಕಿಯಲ್ಲಿ ತೂರಿ ಬಂತು, ಯಾರಿಗೂ ಅನುಮಾನ ಉಳಿಯದಷ್ಟು ಸ್ಪಷ್ಟವಾಗಿ. ಭಾಗ್ಯಶ್ರೀ ತಂಗಿಯ ಮುಖ ನೋಡಿದಳು. ಮಾಲಾ ಕಣ್ಣು ತಗ್ಗಿಸಲಿಲ್ಲ, ಸ್ಟೂಲಿನ ಮೇಲೆ ಕೂತು ಅದರ ಎರಡೂ ಅಂಚು ಹಿಡಿದುಕೊಂಡಳು. ಅಕ್ಕ ಹೋಗಿ ಕಿಟಕಿ ಮುಚ್ಚಿ ಬಂದು, ಗೋಡೆಯ ಮೇಲೆ ಒಂದು ದುಂಡನೆಯ ರೊಟ್ಟಿ ಬರೆದಳು.